ತುಕ್ಕು, ಉಕ್ಕು ಮತ್ತು ನಾಲ್ಕು ಮಿಲಿಮೀಟರ್: ಹಳೆಯ ಸೈಕಲ್ಲೊಂದನ್ನು ಮತ್ತೆ ಕಟ್ಟಿದ ಕಥೆ

ನೀವು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಕೇಳ್ತಿರಬಹುದು, ಕಾಸರಗೋಡಿನಲ್ಲೋ ನ್ಯೂಜೆರ್ಸಿಯಲ್ಲೋ ಅಡುಗೆ ಮಾಡ್ತಾ ಕೇಳ್ತಿರಬಹುದು. ನಾನು ಮಾತಾಡ್ತಿರೋದು ಜಪಾನಿನ ಉರಯಾಸುವಿನಿಂದ. ಸಾಮಾನ್ಯವಾಗಿ ಇಲ್ಲಿ ನಾನು ಜೀವಕೋಶ, ಪ್ರೋಟೀನು, ಬ್ಯಾಕ್ಟೀರಿಯಾ ಅಂತ ಮಾತಾಡೋದು ವಾಡಿಕೆ. ಇವತ್ತು ಸೈಕಲ್. ಆದರೆ ಜೀವಶಾಸ್ತ್ರ ಬಿಟ್ಟು ಹೋಗಲ್ಲ, ಅದು ತಾನಾಗಿಯೇ ಒಳಗೆ ಬರುತ್ತೆ, ನೋಡ್ತಿರಿ.

ಮೊದಲು ಊರಿನ ಬಗ್ಗೆ ಎರಡು ಮಾತು. ಉರಯಾಸು ಟೋಕಿಯೊ ಕೊಲ್ಲಿಯ ಅಂಚಿನಲ್ಲಿದೆ. ಹಳೇ ಎಡೊ ನದಿ ದಾಟಿದರೆ ಆಚೆ ಟೋಕಿಯೊ. ಒಂದು ಕಾಲಕ್ಕೆ ಇದು ಮೀನುಗಾರರ ಹಳ್ಳಿ. ಕಪ್ಪೆಚಿಪ್ಪು, ನೋರಿ ಅನ್ನೋ ಕಡಲಪಾಚಿ ಇಲ್ಲಿನ ಬದುಕಾಗಿತ್ತು. 1960ರ ದಶಕದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಭೂಮಿ ಮಾಡೋಕೆ ಶುರು ಮಾಡಿದರು. ಊರು ಸುಮಾರು ನಾಲ್ಕು ಪಟ್ಟು ದೊಡ್ಡದಾಯಿತು. 1971ರಲ್ಲಿ ಮೀನುಗಾರರು ತಮ್ಮ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟರು. 1983ರ ಏಪ್ರಿಲ್‌ನಲ್ಲಿ ಆ ತುಂಬಿದ ನೆಲದ ಮೇಲೆಯೇ ಟೋಕಿಯೊ ಡಿಸ್ನಿಲ್ಯಾಂಡ್ ತೆರೆಯಿತು. 2011ರ ಮಾರ್ಚ್ 11ರ ಭೂಕಂಪದಲ್ಲಿ ಅದೇ ತುಂಬಿದ ನೆಲ ಗಂಜಿಯ ಹಾಗೆ ಕುದಿದು ಮೇಲೆ ಬಂತು. ಹಳೇ ಊರಿನ ಗಟ್ಟಿ ನೆಲ ಹೆಚ್ಚಾಗಿ ಪಾರಾಯಿತು.

ಆ ಹಳೇ ಊರಿನಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಒಬ್ಬ ಅಜ್ಜ ಇದ್ದಾರೆ. ಎಂಬತ್ತು ಹತ್ತಿರ. ಬೆಳಿಗ್ಗೆ ಕಸ ಹಾಕೋಕೆ ಹೋದಾಗ ನಮಸ್ಕಾರ ಹೇಳುವಷ್ಟು ಪರಿಚಯ. ಒಂದು ದಿನ ಅವರ ಮನೆ ಮುಂದೆ, ದೊಡ್ಡ ಸಾಮಾನು ಎಸೆಯುವಾಗ ಅಂಟಿಸುವ ಚೀಟಿಯ ಜೊತೆ, ಒಂದು ಸೈಕಲ್ ನಿಂತಿತ್ತು. ಡಿಸ್ನಿಲ್ಯಾಂಡಿನಷ್ಟೇ ವಯಸ್ಸಿನ ಉಕ್ಕಿನ ಟೂರಿಂಗ್ ಸೈಕಲ್. ಬಣ್ಣ ಕಡು ಹಸಿರು ಇದ್ದಿರಬೇಕು. ಚೈನು ಒಂದೇ ಕಬ್ಬಿಣದ ಕೋಲಾಗಿತ್ತು.

"ಇದರಲ್ಲಿ ಹೊಕ್ಕೈಡೊ ಸುತ್ತಿದ್ದೆ" ಅಂದರು ಅಜ್ಜ. ಆಮೇಲೆ ಕೇಳಿದರು, "ಇದು ಮತ್ತೆ ಓಡುತ್ತಾ?"

ನಾನು "ನೋಡೋಣ" ಅಂದೆ. ಇವತ್ತಿನ ಸಂಚಿಕೆ ಆ "ನೋಡೋಣ"ದ್ದು.

ಯಾಕೆ ಒಪ್ಪಿಕೊಂಡೆ ಅಂತ ಕೇಳಿದರೆ, ಅದಕ್ಕೂ ಒಂದು ಕಾರಣ ಇದೆ. ಸಾಗರದಲ್ಲಿ ನಮ್ಮ ಅಪ್ಪನ ಸೈಕಲ್ ಒಂದಿತ್ತು. ನಾನು ಒಳಪೆಡಲ್ ಹೊಡೆದು ಕಲಿತದ್ದು ಅದರಲ್ಲೇ. ನಾನು ಪಿಎಚ್‌ಡಿ ಮಾಡ್ತಿದ್ದಾಗ ಮನೆಯವರು ಅದನ್ನ ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಿದರು. ತಪ್ಪು ಅಂತ ಹೇಳ್ತಿಲ್ಲ, ಜಾಗ ಬೇಕಿತ್ತು. ಆದರೆ ಫೋನಿನಲ್ಲಿ ಆ ಸುದ್ದಿ ಕೇಳಿದ ದಿನ ನೆನಪಿದೆ.

ಹಳೇ ಉಕ್ಕಿನ ಸೈಕಲ್ ಅಂದರೆ ಏನು?

ಟೂರಿಂಗ್ ಸೈಕಲ್ ಅಂದರೆ ಲಗೇಜು ಹೇರಿಕೊಂಡು ದಿನಗಟ್ಟಲೆ ಹೋಗೋಕೆ ಮಾಡಿದ್ದು. ಹಿಂದಿನ ಚಕ್ರ ಸ್ವಲ್ಪ ದೂರಕ್ಕೆ ಇರುತ್ತೆ, ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗಬಾರದು ಅಂತ. ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸೋಕೆ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಈ ಕಲೆಯನ್ನು ಜಪಾನಿನವರು ಫ್ರಾನ್ಸಿನಿಂದ ಕಲಿತು, 1970-80ರ ದಶಕದಲ್ಲಿ ತಮ್ಮದೇ ಆಗಿ ಮಾಡಿಕೊಂಡರು. ಮಿಯಾಟಾ, ಪ್ಯಾನಸಾನಿಕ್, ಫ್ಯೂಜಿ, ಬ್ರಿಜ್‌ಸ್ಟೋನ್ ಇವೆಲ್ಲ ಇಂಥ ಸೈಕಲ್ ಮಾಡಿದವು. ಬಿಡಿಭಾಗಕ್ಕೆ ಶಿಮಾನೊ, ಸನ್‌ಟೂರ್, ಸುಗಿನೊ, ನಿಟ್ಟೊ, ಅರಾಯಾ.

ಚೌಕಟ್ಟಿನ ಕೊಳವೆಗಳು ಕ್ರೋಮ್-ಮಾಲಿಬ್ಡಿನಂ ಉಕ್ಕಿನವು. ಅಂದರೆ ಕಬ್ಬಿಣಕ್ಕೆ ಸುಮಾರು ಶೇ. 0.3 ಇಂಗಾಲ, ಶೇ. 1ರಷ್ಟು ಕ್ರೋಮಿಯಂ, ಶೇ. 0.2ರಷ್ಟು ಮಾಲಿಬ್ಡಿನಂ. ಇಷ್ಟು ಸಾಸಿವೆ ಒಗ್ಗರಣೆಗೇ ಉಕ್ಕಿನ ಗುಣ ಬದಲಾಗುತ್ತೆ. ಬಲ ಜಾಸ್ತಿ, ಹಾಗಾಗಿ ಗೋಡೆ ತೆಳುವಾಗಿಸಬಹುದು. ಬೆಸುಗೆ ಬೀಳುವ ತುದಿಗಳಲ್ಲಿ ಗೋಡೆ ದಪ್ಪ, ನಡುವೆ ತೆಳು. ತೆಳು ಅಂದರೆ ಒಂದು ಮಿಲಿಮೀಟರಿಗಿಂತ ಕಮ್ಮಿ. ನಮ್ಮ ತೊಡೆಮೂಳೆಯೂ ಟೊಳ್ಳು ಕೊಳವೆಯೇ ನೋಡಿ.

ಗೋಡೆ ಇಷ್ಟು ತೆಳು ಇರೋದರಿಂದಲೇ ಮೊದಲ ಪ್ರಶ್ನೆ ತುಕ್ಕಿನದು.

ತುಕ್ಕು ಮತ್ತು ಕೆಸುವಿನ ಎಲೆ

ತುಕ್ಕು ಅಂದರೆ ಕಬ್ಬಿಣ, ನೀರು, ಆಮ್ಲಜನಕ ಸೇರಿ ನಡೆಸುವ ಪುಟ್ಟ ಬ್ಯಾಟರಿ. ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತೆ, ಇನ್ನೊಂದು ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನನ್ನು ತಗೊಳ್ಳುತ್ತೆ. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ತು ಸುಲಭವಾಗಿ ಹರಿಯುತ್ತೆ, ಕೆಲಸ ಬೇಗ ಆಗುತ್ತೆ. ಉರಯಾಸುವಿನ ಗಾಳಿ ಕಡಲ ಗಾಳಿ. ಮಂಗಳೂರು, ಕಾರವಾರದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮೇಲಿನ ತುಕ್ಕು ತೆಗೆಯೋಕೆ ನಾನು ಬಳಸಿದ್ದು ಆಕ್ಸಾಲಿಕ್ ಆಮ್ಲ. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ, ಬಟ್ಟೆಯಲ್ಲಿ ನೆನೆಸಿ ತುಕ್ಕಿನ ಜಾಗಕ್ಕೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಕೆಲವು ಗಂಟೆ ಬಿಟ್ಟೆ. ಈ ಆಮ್ಲದ ಹೆಸರು ಹೊಸದು ಅನ್ನಿಸಿದರೂ ಮಲೆನಾಡಿನವರ ನಾಲಿಗೆಗೆ ಇದು ಗೊತ್ತು. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತಲ್ಲ, ಅದಕ್ಕೆ ಕಾರಣ ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು. ಕಿಡ್ನಿ ಕಲ್ಲುಗಳಲ್ಲೂ ಹೆಚ್ಚಿನವು ಇದೇ ಕ್ಯಾಲ್ಸಿಯಂ ಆಕ್ಸಲೇಟ್. ಆಕ್ಸಲೇಟಿನ ಅಣು ಲೋಹದ ಅಯಾನನ್ನು ಎರಡು ಕಡೆಯಿಂದ ಏಡಿಯ ಹಾಗೆ ಕಚ್ಚಿ ಹಿಡಿಯುತ್ತೆ. ತುಕ್ಕಿನಲ್ಲಿರುವ ಕಬ್ಬಿಣವನ್ನು ಮೂರು ಆಕ್ಸಲೇಟ್‌ಗಳು ಸುತ್ತುವರಿದು ನೀರಿಗೆ ಎಳೆದುಕೊಂಡು ಹೋಗುತ್ತವೆ.

ಬ್ಯಾಕ್ಟೀರಿಯಾಗಳೂ ಇದೇ ಉಪಾಯ ಮಾಡುತ್ತವೆ. ನಮ್ಮ ಮೈಯೊಳಗೆ ಬಿಡಿ ಕಬ್ಬಿಣ ಸಿಗೋದು ಕಷ್ಟ. ಅದಕ್ಕೆ ಅವು ಕಬ್ಬಿಣ ಹಿಡಿಯುವ ಅಣುಗಳನ್ನು ಹೊರಗೆ ಬಿಟ್ಟು, ಕಚ್ಚಿಕೊಂಡು ಬಂದದ್ದನ್ನು ಒಳಗೆ ಎಳೆದುಕೊಳ್ಳುತ್ತವೆ. ನಮ್ಮ ಅಜ್ಜಿಯಂದಿರು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ಬೆಳಗೋದರ ಹಿಂದೆಯೂ ಇದೇ ರಸಾಯನ. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಕಿಲುಬನ್ನು ಕಚ್ಚಿ ಬಿಡಿಸುತ್ತೆ.

ಎಚ್ಚರಿಕೆ ಒಂದು. ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ವಿಷ. ಗ್ಲೌಸ್, ಕನ್ನಡಕ ಬೇಕೇ ಬೇಕು, ಅಡುಗೆಮನೆ ಪಾತ್ರೆ ಬೇಡ, ಮಕ್ಕಳ ಕೈಗೆ ಸಿಗಬಾರದು. ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಅದ್ದಬೇಡಿ. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತಕ್ಷಣ ಎಣ್ಣೆ ಹಚ್ಚಬೇಕು. ಕೊಳವೆಯ ಒಳಗೂ ಎಣ್ಣೆ ಬಿಡಬೇಕು, ಯಾಕಂದರೆ ತುಕ್ಕು ಹೊರಗಿನಿಂದಷ್ಟೇ ಬರೋದಲ್ಲ.

ಸೀಟಿನ ಕಂಬ ಬರಲಿಲ್ಲ

ಸೀಟಿನ ಕಂಬ ಅಲ್ಯೂಮಿನಿಯಂ, ಅದು ಕೂತಿರುವ ಕೊಳವೆ ಉಕ್ಕು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಮತ್ತೆ ಬ್ಯಾಟರಿ! ಈ ಸಲ ಸವೆಯೋದು ಅಲ್ಯೂಮಿನಿಯಂ. ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಗ ಜಾಸ್ತಿ ಬೇಕು. ಅದು ಊದಿಕೊಂಡು ಎರಡನ್ನೂ ಸಿಮೆಂಟ್ ಹಾಕಿದ ಹಾಗೆ ಹಿಡಿದುಬಿಡುತ್ತೆ.

ಮೂರು ದಿನ ಎಣ್ಣೆ ಬಿಟ್ಟೆ. ತಿರುಗಿಸಿದೆ. ಜಗ್ಗಿದೆ. ಏನೂ ಆಗಲಿಲ್ಲ. ಸಾಮಾನ್ಯವಾಗಿ ಎಲ್ಲರಿಗೂ ಬಿಸಿ ಮಾಡೋಣ ಅನ್ನಿಸುತ್ತೆ. ಇಲ್ಲಿ ಅದು ತಿರುಗುಬಾಣ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ; ಬಿಸಿ ಮಾಡಿದರೆ ಒಳಗಿರುವ ಕಂಬ ಇನ್ನೂ ಬಿಗಿಯಾಗುತ್ತೆ. ಹಾಗಾದರೆ ತಣ್ಣಗೆ ಮಾಡಬೇಕು. ಡ್ರೈ ಐಸ್ ಅಂದರೆ ಗಟ್ಟಿ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಇಲ್ಲಿ ಐಸ್‌ಕ್ರೀಂ ಕಟ್ಟಿಕೊಡುವಾಗ ಹಾಕಿಕೊಡ್ತಾರೆ. ಅದನ್ನು ಟೊಳ್ಳು ಕಂಬದೊಳಗೆ ತುಂಬಿದೆ, ಬಾಲ್ಕನಿಯಲ್ಲಿ, ಕಿಟಕಿ ತೆರೆದು, ದಪ್ಪ ಗ್ಲೌಸ್ ಹಾಕಿಕೊಂಡು.

ಲೆಕ್ಕ ನೋಡೋಣ. ಕಂಬದ ವ್ಯಾಸ ಸುಮಾರು 27 ಮಿಲಿಮೀಟರ್. ಎರಡೂ ಲೋಹ 65 ಡಿಗ್ರಿ ತಣ್ಣಗಾದರೆ, ಕಂಬ ಕೊಳವೆಗಿಂತ ಸುಮಾರು 0.02 ಮಿಲಿಮೀಟರ್ ಹೆಚ್ಚು ಕುಗ್ಗುತ್ತೆ. ಕಂಬ ಮಾತ್ರ ಮೊದಲು ತಣ್ಣಗಾದರೆ ಇನ್ನೂ ಸ್ವಲ್ಪ ಜಾಸ್ತಿ. ನಮ್ಮ ಕೆಂಪು ರಕ್ತಕಣದ ಅಗಲ 7-8 ಮೈಕ್ರಾನ್. ಅಂದರೆ ಎರಡೂವರೆ ರಕ್ತಕಣದಷ್ಟು ಸಂದು. ಅಷ್ಟು ಸಾಕಾಯಿತು. "ಟಕ್" ಅಂತ ಒಂದು ಸದ್ದು ಬಂತು. ಪಕ್ಕದ ಮನೆಯವರು ಇಣುಕಿ ನೋಡಿದರು. ನಾನು ನಗ್ತಿದ್ದೆ.

ಹೊಸ ಕಂಬ ಕೂರಿಸುವಾಗ ಗ್ರೀಸ್ ಹಚ್ಚಿದೆ. ಜಾರಲಿ ಅಂತ ಅಲ್ಲ, ಎರಡು ಲೋಹದ ನಡುವೆ ನೀರು ನಿಲ್ಲಬಾರದು ಅಂತ.

ನೂರು ವರ್ಷ ಬದಲಾಗದ ಅಳತೆಗಳು

ಈಗ ಪ್ರಶ್ನೆ: 1983ರ ಚೌಕಟ್ಟಿಗೆ ಇವತ್ತಿನ ಬಿಡಿಭಾಗ ಕೂರುತ್ತಾ?

ನಾವು ಜೀವಿಗಳ ಡಿಎನ್‌ಎ ಹೋಲಿಸಿ ನೋಡುವಾಗ ಎರಡು ಥರದ ಭಾಗ ಕಾಣುತ್ತೆ. ಕೆಲವು ಭಾಗ ಕೋಟಿ ಕೋಟಿ ವರ್ಷ ಆದರೂ ಬದಲಾಗಿಲ್ಲ. ಯಾಕಂದರೆ ನೂರೆಂಟು ಬೇರೆ ವಸ್ತು ಅದನ್ನೇ ನಂಬಿಕೊಂಡಿವೆ, ಅದು ಅಲುಗಿದರೆ ಎಲ್ಲ ಬೀಳುತ್ತೆ. ಇನ್ನು ಕೆಲವು ಭಾಗ ತಲೆಮಾರಿಂದ ತಲೆಮಾರಿಗೆ ಬೇಕಾದ ಹಾಗೆ ಬದಲಾಗಿವೆ. ಸೈಕಲ್ಲಲ್ಲೂ ಹೀಗೇ.

ಬದಲಾಗದ್ದು ಯಾವುದು? ಚೈನಿನ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅರ್ಧ ಇಂಚು, 12.7 ಮಿಲಿಮೀಟರ್. ಪೆಡಲ್ಲಿನ ಥ್ರೆಡ್. ಆಮೇಲೆ ಪೆಡಲ್ ಅಚ್ಚು ಕೂರುವ ಗೂಡಿನ ಥ್ರೆಡ್: 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಈ ಕೊನೆಯದಕ್ಕೆ ಜಗತ್ತಿನಲ್ಲೆಲ್ಲ ಬಿಎಸ್‌ಎ ಥ್ರೆಡ್ ಅಂತಾನೇ ಹೆಸರು. ಹೌದು, ನಮ್ಮ ಊರಿನ ಬಿಎಸ್‌ಎ ಸೈಕಲ್ಲಿನದೇ ಹೆಸರು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬಂದೂಕು ಮಾಡುವ ಕಂಪನಿ. ನಲವತ್ತು ವರ್ಷದ ಹಿಂದಿನ ಈ ಗೂಡಿಗೆ ಹೊಸ ಸೀಲ್ಡ್ ಬೇರಿಂಗ್ ತಿರುಗಿಸಿದೆ, ಬೆಣ್ಣೆಯ ಹಾಗೆ ಹೋಯಿತು.

ಹೋಗುವ ಮೊದಲು ಹಳೆಯದು ಬರಬೇಕಲ್ಲ. ಇಲ್ಲೊಂದು ಗುಟ್ಟು ಇದೆ: ಚೈನ್ ಇರುವ ಬಲಗಡೆಯ ಬಟ್ಟಲನ್ನು ಬಿಚ್ಚೋಕೆ ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಮಾಮೂಲಿಗೆ ಉಲ್ಟಾ. ಒಳಗೆ ಬಾಲ್ಸು ಉರುಳುವಾಗ ಬಟ್ಟಲನ್ನು ಅಚ್ಚಿನ ವಿರುದ್ಧ ದಿಕ್ಕಿಗೆ ತಳ್ಳುತ್ತಾ ಹೋಗುತ್ತವೆ. ಮಾಮೂಲಿ ಥ್ರೆಡ್ ಇಟ್ಟರೆ ತುಳಿದ ಹಾಗೆಲ್ಲ ಬಲಗಡೆ ಬಿಚ್ಚಿಕೊಳ್ಳುತ್ತೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಬಿಚ್ಚುತ್ತೀನಿ ಅಂತ ಬಿಗಿ ಮಾಡಿ ಸುಸ್ತಾಗಿದ್ದಾರೆ.

ಬದಲಾದ ಅಳತೆ ಒಂದು: ಹಿಂದಿನ ಚಕ್ರದ ಜಾಗ

1980ರ ಹೊತ್ತಿಗೆ ಹಿಂದೆ ಆರು ಹಲ್ಲುಚಕ್ರ ಇರುತ್ತಿದ್ದವು. ಚೌಕಟ್ಟಿನ ಎರಡು ಕಾಲುಗಳ ನಡುವೆ 126 ಮಿಲಿಮೀಟರ್. ನಾನು ತಂದ ಒಂಬತ್ತು ಹಲ್ಲುಚಕ್ರದ ಹಬ್ಬಿಗೆ 130 ಬೇಕು. ನಾಲ್ಕು ಮಿಲಿಮೀಟರ್ ಕಮ್ಮಿ.

ಉಕ್ಕು ಇಲ್ಲಿ ಒಳ್ಳೇ ಗುಣ ತೋರಿಸುತ್ತೆ. ಸ್ವಲ್ಪ ಬಗ್ಗಿಸಿ ಬಿಟ್ಟರೆ ವಾಪಸ್ ಬರುತ್ತೆ. ಇನ್ನೂ ಬಗ್ಗಿಸಿದರೆ ಒಂದು ಹಂತ ದಾಟಿ ಅಲ್ಲೇ ಉಳಿಯುತ್ತೆ, ಮುರಿಯಲ್ಲ. ಒಳಗೆ ಏನಾಗುತ್ತೆ? ಉಕ್ಕಿನ ಹರಳುಗಳಲ್ಲಿ ಪರಮಾಣುಗಳ ಸಾಲು ಅಲ್ಲಲ್ಲಿ ತಪ್ಪಿರುತ್ತೆ. ಬಲ ಬಿದ್ದಾಗ ಆ ತಪ್ಪು ಒಂದೊಂದೇ ಹೆಜ್ಜೆ ಸರಿಯುತ್ತೆ. ಕಂಬಳಿಹುಳು ನಡೆಯೋದು ನೋಡಿದ್ದೀರಲ್ಲ? ಇಡೀ ಮೈಯನ್ನು ಒಟ್ಟಿಗೆ ಎಳೆಯಲ್ಲ, ಬೆನ್ನಿನ ಮೇಲೊಂದು ಗುಬ್ಬು ಎಬ್ಬಿಸಿ ಅದನ್ನ ಮುಂದೆ ದಾಟಿಸುತ್ತೆ. ಲೋಹ ಬಗ್ಗೋದೂ ಹಾಗೆ.

ಒಂದು ಉದ್ದ ತಿರುಪಿನ ಸಲಾಕೆಗೆ ನಟ್ಟು ಹಾಕಿ, ಎರಡು ಕಾಲುಗಳ ನಡುವೆ ಇಟ್ಟು ನಿಧಾನಕ್ಕೆ ಅಗಲಿಸಿದೆ. 135ರ ತನಕ ಅಗಲಿಸಿ ಬಿಟ್ಟರೆ ಮತ್ತೆ 126. 145, ಮತ್ತೆ 126. ಸುಮಾರು 155 ದಾಟಿದ ಮೇಲೆ ಬಿಟ್ಟಾಗ 128 ತೋರಿಸಿತು. ಅಲ್ಲಿಂದ ಎದೆ ಡವಡವ. ಒಂದು ಗಂಟೆ ಹಿಡಿಯಿತು 130ಕ್ಕೆ ಬರೋಕೆ.

ಅಗಲ ಸರಿಯಾದರೆ ಸಾಲದು, ಎರಡು ಕಡೆ ಸಮ ಅಗಲಿದೆಯಾ ಅಂತ ನೋಡಬೇಕು. ಇದಕ್ಕೆ ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಬರೆದಿಟ್ಟ ದಾರದ ಉಪಾಯ ಸಾಕು. ಹಿಂದಿನ ಒಂದು ಕಾಲಿಗೆ ದಾರ ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆ ಸುತ್ತಿಸಿ, ಇನ್ನೊಂದು ಕಾಲಿಗೆ ತಂದು ಬಿಗಿ ಮಾಡೋದು. ಸೀಟಿನ ಕೊಳವೆಯಿಂದ ಎಡ ದಾರಕ್ಕೂ ಬಲ ದಾರಕ್ಕೂ ದೂರ ಅಳೆಯೋದು. ಎರಡೂ ಒಂದೇ ಇರಬೇಕು. ನನ್ನದು ಒಂದು ಮಿಲಿಮೀಟರ್ ತಪ್ಪಿತ್ತು, ಸರಿಮಾಡಿದೆ.

ದಯವಿಟ್ಟು ಕೇಳಿ: ಇದನ್ನು ಉಕ್ಕಿಗೆ ಮಾತ್ರ ಮಾಡಬೇಕು. ಅಲ್ಯೂಮಿನಿಯಂ, ಕಾರ್ಬನ್ ಚೌಕಟ್ಟಿಗೆ ಈ ಕೆಲಸ ಬೇಡವೇ ಬೇಡ.

ಬದಲಾದ ಅಳತೆ ಎರಡು: ಗೇರಿನ ತಂತಿ

ಹಳೇ ಕಾಲದ ಗೇರಿನಲ್ಲಿ ಕ್ಲಿಕ್ ಇರಲಿಲ್ಲ. ಕಡ್ಡಿ ಎಳೆದು, ಕಿವಿಗೊಟ್ಟು, ಚೈನು ಕೂತಿತಾ ಅಂತ ತಿಳಿಯಬೇಕಿತ್ತು. 1964ರಲ್ಲಿ ಸನ್‌ಟೂರ್ ಓರೆ ಚೌಕಟ್ಟಿನ ಗೇರ್ ಕಂಡುಹಿಡಿಯಿತು. ಅದರ ಪೇಟೆಂಟ್ ಮುಗಿದ 1980ರ ದಶಕದ ನಡುವಿನಲ್ಲೇ ಶಿಮಾನೊ ಕ್ಲಿಕ್ ಕ್ಲಿಕ್ ಅಂತ ಬದಲಾಗುವ ಗೇರ್ ತಂದಿತು. ಆಮೇಲೆ ಹಿಂತಿರುಗಿ ನೋಡಿದ್ದೇ ಇಲ್ಲ.

ಕ್ಲಿಕ್ ಬಂದ ಮೇಲೆ ಒಂದು ಹೊಸ ತಾಪತ್ರಯ. ಒಂದು ಕ್ಲಿಕ್‌ಗೆ ತಂತಿ ಎಷ್ಟು ಎಳೆಯಬೇಕು, ಅಷ್ಟು ಎಳೆದರೆ ಹಿಂದಿನ ಗೇರ್ ಎಷ್ಟು ಸರಿಯಬೇಕು ಅನ್ನೋದು ತಾಳೆಯಾಗಬೇಕು. ನಾನು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಹತ್ತು ಸ್ಪೀಡಿನ ಮೌಂಟನ್ ಬೈಕಿನ ಹಿಂದಿನ ಗೇರ್ ತಂದೆ. ಕೈಯಲ್ಲಿದ್ದ ಕ್ಲಿಕ್ ಒಂಬತ್ತು ಸ್ಪೀಡಿನದು. ಒಂಬತ್ತರ ಹಲ್ಲುಚಕ್ರಗಳ ನಡುವಿನ ದೂರ ಸುಮಾರು 4.3 ಮಿಲಿಮೀಟರ್. ಆ ಕ್ಲಿಕ್ ಎಳೆಯೋದು ಸುಮಾರು 2.5 ಮಿಲಿಮೀಟರ್ ತಂತಿ. ಜೊತೆಯ ಹಳೇ ಗೇರ್ ಅದನ್ನ 1.7 ಪಟ್ಟು ಮಾಡುತ್ತೆ: 2.5 ಗುಣಿಸು 1.7, 4.3 ಹತ್ತಿರ, ಸರಿಹೋಯಿತು. ನಾನು ತಂದದ್ದು ಸುಮಾರು 1.2 ಪಟ್ಟು ಮಾತ್ರ ಮಾಡುತ್ತೆ: ಮೂರೇ ಮಿಲಿಮೀಟರ್. ಒಂದು ಕ್ಲಿಕ್‌ಗೆ 1.3 ಕೊರತೆ. ಮೂರು ಕ್ಲಿಕ್ ಆದಾಗ ಹೆಚ್ಚುಕಮ್ಮಿ ಒಂದು ಪೂರ್ತಿ ಹಲ್ಲುಚಕ್ರ ಹಿಂದೆ ಬಿದ್ದಿರುತ್ತೆ.

ಬೀಗ ಒಂದು, ಕೀಲಿ ಇನ್ನೊಂದು. ಎರಡರ ಮೇಲೂ ಒಂದೇ ಕಂಪನಿಯ ಹೆಸರು ಇದ್ದರೆ ತೆರೆಯುತ್ತೆ ಅಂತ ಏನೂ ಇಲ್ಲ.

ಕೊನೆಗೆ ಎರಡನ್ನೂ ಬಿಟ್ಟೆ. ಒಂಬತ್ತು ಸ್ಪೀಡಿನ ಹಿಂದಿನ ಗೇರ್, ಅದಕ್ಕೆ ಹಳೇ ಕಾಲದ ಕ್ಲಿಕ್ ಇಲ್ಲದ ಲಿವರ್ ಹಾಕಿದೆ. ಕ್ಲಿಕ್ ಇಲ್ಲದಿದ್ದರೆ ಲೆಕ್ಕ ಮಾಡೋದು ನಮ್ಮ ಕಿವಿ ಮತ್ತು ಬೆರಳು. ಅವಕ್ಕೆ ಯಾವ ತಲೆಮಾರಿನ ಹಂಗೂ ಇಲ್ಲ.

ಬದಲಾದ ಅಳತೆ ಮೂರು: ಚಕ್ರ, ಮತ್ತು ನನ್ನ ತಪ್ಪು

ಅಜ್ಜನ ಸೈಕಲ್ಲಿಗೆ 27 ಇಂಚಿನ ಚಕ್ರ. ಅದಕ್ಕೆ ಒಳ್ಳೇ ಟಯರ್ ಈಗ ಅಪರೂಪ. ಇವತ್ತಿನದು 700ಸಿ. ಟಯರ್ ಮೇಲಿನ ಇಂಚುಗಳನ್ನು ನಂಬಬೇಡಿ, ರಿಮ್ಮಿನಲ್ಲಿ ಟಯರ್ ಕೂರುವ ವ್ಯಾಸವನ್ನೇ ನೋಡಿ. 27 ಇಂಚಿನದು 630 ಮಿಲಿಮೀಟರ್. 700ಸಿ ಅಂದರೆ 622. ನಮ್ಮೂರಿನ ದೊಡ್ಡ ಕರಿ ಸೈಕಲ್ಲಿನ 28 ಇಂಚು ಅಂದರೆ 635. ಜಪಾನಿನ ಅಮ್ಮಂದಿರು ಮಕ್ಕಳನ್ನ ಕೂರಿಸಿಕೊಂಡು ಹೋಗುವ ಸೈಕಲ್ಲಿನ 26 ಇಂಚು ಸಾಮಾನ್ಯವಾಗಿ 590. ಈ ಮೂರಂಕಿ ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ, ಅಂಗಡಿಗೆ ಹೋಗುವ ಮೊದಲು ಓದಿಕೊಳ್ಳಿ.

630ರಿಂದ 622ಕ್ಕೆ ಬಂದರೆ ತ್ರಿಜ್ಯದಲ್ಲಿ ನಾಲ್ಕು ಮಿಲಿಮೀಟರ್ ಇಳಿಯುತ್ತೆ. ಹಾಗಾಗಿ ಬ್ರೇಕಿನ ರಬ್ಬರ್ ಕೂಡ ನಾಲ್ಕು ಮಿಲಿಮೀಟರ್ ಒಳಗೆ ಬರಬೇಕು. ಇದು ನನಗೆ ಗೊತ್ತಿತ್ತು. ಆದರೂ ಆ ರಾತ್ರಿ ಹಿಂದಿನ ಬ್ರೇಕನ್ನು ಅರ್ಧಂಬರ್ಧ ಇಳಿಸಿ, "ನಾಳೆ ನೋಡೋಣ" ಅಂತ ಒಂದು ಸುತ್ತು ಹೊರಟೆ. ರಬ್ಬರಿನ ಮೇಲಂಚು ರಿಮ್ ಬಿಟ್ಟು ಟಯರಿನ ಬದಿಯನ್ನು ಉಜ್ಜುತ್ತಿತ್ತು. ಟಯರಿನ ಬದಿ ಬಟ್ಟೆಯಷ್ಟು ತೆಳು. ನದಿ ದಂಡೆಯ ಇಳಿಜಾರಿನಲ್ಲಿ ಎರಡನೇ ಸಲ ಬ್ರೇಕ್ ಹಿಡಿದಾಗ ಪಟಾಕಿ ಹೊಡೆದ ಹಾಗೆ ಸದ್ದು. ಹಿಂದಿನ ಚಕ್ರವಾದ್ದರಿಂದ ಬದುಕಿದೆ, ಮೊಣಕೈ ಮಾತ್ರ ಕೆತ್ತಿತು. ಮುಂದಿನದಾಗಿದ್ದರೆ ಈ ಸಂಚಿಕೆ ಬೇರೆಯವರು ಮಾಡಬೇಕಿತ್ತು. ಬ್ರೇಕ್ ವಿಷಯದಲ್ಲಿ "ನಾಳೆ ನೋಡೋಣ" ಅನ್ನೋದು ಬೇಡ.

ಉಳಿಸೋಕಾಗದ ಒಂದು ಭಾಗ

ಇದನ್ನ ಕೊನೆಗೆ ಇಟ್ಟುಕೊಂಡಿದ್ದೆ. ಎಲ್ಲಕ್ಕಿಂತ ಮುಖ್ಯ ಇದೇ.

ಉಕ್ಕಿಗೆ ಒಂದು ಒಳ್ಳೇ ಗುಣ ಇದೆ ಅಂತ ಪುಸ್ತಕದಲ್ಲಿ ಓದಿರ್ತೀರಿ. ಒಂದು ಮಿತಿಗಿಂತ ಕಡಿಮೆ ಒತ್ತಡ ಎಷ್ಟು ಲಕ್ಷ ಸಲ ಬಿದ್ದರೂ ಅದು ದಣಿಯಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸರಿ. ಆದರೆ ಪುಸ್ತಕದ ಆ ಉಕ್ಕು ಒಣಗಿದ, ನಯವಾದ ಉಕ್ಕು. ತುಕ್ಕು ಹಿಡಿದು ಗುಳಿ ಬಿದ್ದ ಉಕ್ಕಿಗೆ ಆ ಭರವಸೆ ಇಲ್ಲ. ಪ್ರತಿ ಗುಳಿಯ ತಳದಲ್ಲಿ ಒತ್ತಡ ಒಟ್ಟುಗೂಡಿ, ಅಲ್ಲಿಂದ ಬಿರುಕು ಶುರುವಾಗಬಹುದು.

ಮುಂದಿನ ಫೋರ್ಕ್ ಬಿಚ್ಚಿ, ಚೆನ್ನಾಗಿ ಒರೆಸಿ, ಹತ್ತಿಯ ಉಂಡೆಯಿಂದ ಮೆಲ್ಲಗೆ ಸವರುತ್ತಾ ಹೋದೆ. ಕಣ್ಣಿಗೆ ಕಾಣದ್ದು ಹತ್ತಿಯ ಎಳೆಗೆ ಸಿಗುತ್ತೆ. ಎರಡು ಕಾಲುಗಳು ಮೇಲಿನ ಕೊಳವೆಗೆ ಸೇರುವ ಜಾಗದಲ್ಲಿ ಎಳೆ ಸಿಕ್ಕಿಕೊಂಡಿತು. ಭೂತಗನ್ನಡಿ ಇಟ್ಟು ನೋಡಿದರೆ ಕೂದಲಿನಷ್ಟು ಸಣ್ಣ ಗೆರೆ, ಒಂದು ಗುಳಿಯಿಂದ ಹೊರಟು ಬೆಸುಗೆಯ ಅಂಚಿನ ಗುಂಟ.

ನಮ್ಮ ಮೂಳೆಯಲ್ಲೂ ದಿನಾ ಸಣ್ಣ ಬಿರುಕು ಬೀಳುತ್ತೆ. ಆದರೆ ಅಲ್ಲಿ ಒಂದು ಜಾತಿಯ ಕೋಶ ಕೆಟ್ಟ ಭಾಗವನ್ನ ಅಗೆದು ತೆಗೆಯುತ್ತೆ, ಇನ್ನೊಂದು ಜಾತಿ ಹೊಸದು ತುಂಬುತ್ತೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಹೀಗೆ ಹೊಸದಾಗುತ್ತೆ ಅಂತ ಅಂದಾಜು. ಸೈನಿಕರಿಗೆ, ಓಟಗಾರರಿಗೆ ಮೂಳೆಯಲ್ಲಿ ದಣಿವಿನ ಬಿರುಕು ಬರೋದು, ಹಾನಿಯ ವೇಗ ದುರಸ್ತಿಯ ವೇಗವನ್ನ ಮೀರಿದಾಗ. ಉಕ್ಕಿಗೆ ದುರಸ್ತಿ ಮಾಡುವ ಕೋಶ ಇಲ್ಲ. ಬಿರುಕು ಒಂದೇ ದಿಕ್ಕಿಗೆ ಹೋಗುತ್ತೆ. ಸೀಟಿನ ಕಂಬ ಮುರಿದರೆ ಬೀಳ್ತೀವಿ. ಫೋರ್ಕ್ ಮುರಿದರೆ ಮುಖದ ಮೇಲೆ ಬೀಳ್ತೀವಿ.

ಹಾಗಾಗಿ ಫೋರ್ಕ್ ಬದಲಾಯಿಸಲೇಬೇಕು. ಅದೂ ಸುಲಭ ಇರಲಿಲ್ಲ. ಹಳೇ ಜಪಾನಿ ಅಳತೆಯಲ್ಲಿ ಕೆಳಗಿನ ಬೇರಿಂಗ್ ಕೂರುವ ಜಾಗ 27.0 ಮಿಲಿಮೀಟರ್, ಈಗ ಎಲ್ಲೆಡೆ ಸಿಗೋದು 26.4. 0.6 ಮಿಲಿಮೀಟರ್ ಅಂತ ಹಗುರವಾಗಿ ತಗೊಂಡರೆ ಬಳೆ ಸಡಿಲಾಗಿ ಅಲ್ಲಾಡುತ್ತೆ. ಹುಡುಕಿ ಹುಡುಕಿ, 27.0 ಇರುವ, 622ರ ಚಕ್ರಕ್ಕೆ ಸರಿಹೊಂದುವ ಉಕ್ಕಿನ ಫೋರ್ಕ್ ಸಿಕ್ಕಿತು. ಬಣ್ಣ ಕಪ್ಪು. ಹಸಿರು ಸೈಕಲ್ಲಿಗೆ ಕಪ್ಪು ಫೋರ್ಕ್.

ಅಜ್ಜನಿಗೆ ಹೇಳೋಕೆ ಹೋದೆ. ಭೂತಗನ್ನಡಿಯಲ್ಲಿ ಆ ಗೆರೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಇದರಲ್ಲಿ ಘಟ್ಟ ಇಳಿದಿದ್ದೆ" ಅಂದರು. ಆಗ ಈ ಗೆರೆ ಇತ್ತಾ ಅಂತ ಕೇಳಿದರು. ಗೊತ್ತಿಲ್ಲ ಅಂದೆ. "ಬೇಡ, ಹೊಸದೇ ಹಾಕಿ. ಹಳೆಯದನ್ನ ನನಗೆ ಕೊಡಿ" ಅಂದರು. ಈಗ ಅದು ಅವರ ಮನೆ ಬಾಗಿಲ ಒಳಗೆ, ಕೊಡೆಗಳ ಪಕ್ಕ ನಿಂತಿದೆ.

ಓಡಿತಾ?

ಓಡಿತು. ಖರ್ಚು ಎಷ್ಟಾಯಿತು ಅಂತ ಕೇಳಿದರೆ, ಅಂಗಡಿಯಲ್ಲಿ ಒಂದು ಸಾಧಾರಣ ಹೊಸ ಸೈಕಲ್ ಬರುತ್ತಿತ್ತು. ಅದನ್ನ ಮುಚ್ಚಿಡೋದು ಬೇಡ. ಸಮಯ ಎರಡೂವರೆ ತಿಂಗಳ ಶನಿವಾರಗಳು. ಜಪಾನಿನಲ್ಲಿ ಪ್ರತಿ ಸೈಕಲ್ಲಿಗೂ ಕಳ್ಳತನ ತಡೆಯ ನೋಂದಣಿ ಕಡ್ಡಾಯ. ಹಳೆಯದನ್ನ ಅಜ್ಜ ರದ್ದು ಮಾಡಿಸಿ, ವರ್ಗಾವಣೆ ಕಾಗದ ಬರೆದುಕೊಟ್ಟು, ನನ್ನ ಹೆಸರಿಗೆ ಹೊಸ ಸ್ಟಿಕರ್ ಬಂತು. 2023ರ ಏಪ್ರಿಲ್‌ನಿಂದ ಇಲ್ಲಿ ಎಲ್ಲ ವಯಸ್ಸಿನವರೂ ಹೆಲ್ಮೆಟ್ ಹಾಕಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳುತ್ತೆ. ಮೊಣಕೈ ನೋಡಿಕೊಂಡ ಮೇಲೆ ನನಗೆ ಕಾನೂನು ಬೇಕಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಳೇ ಎಡೊ ನದಿಯ ದಂಡೆಗೆ ಸೈಕಲ್ ತಳ್ಳಿಕೊಂಡು ಹೋದೆವು. ಅಜ್ಜ ಊರುಗೋಲು ಹಿಡಿದು ಬಂದರು. ನಾನು ಸಮುದ್ರದ ಕಡೆ ಸ್ವಲ್ಪ ದೂರ ಹೋಗಿ ವಾಪಸ್ ಬಂದೆ. ಅವರು ಹ್ಯಾಂಡಲ್ ಹಿಡಿದು, ಮುಂದಿನ ಬ್ರೇಕ್ ಒತ್ತಿ ನೋಡಿದರು. ಹಿಂದಿನದನ್ನೂ ಒತ್ತಿದರು. ಆಮೇಲೆ ಗಂಟೆ ಬಾರಿಸಿದರು. ಗಂಟೆ ಮಾತ್ರ ಮೊದಲಿನದೇ, ಅದಕ್ಕೆ ಒಂದು ಹನಿ ಎಣ್ಣೆ ಬಿಟ್ಟಿದ್ದು ಬಿಟ್ಟರೆ ನಾನು ಏನೂ ಮಾಡಿಲ್ಲ.

ನಿಮ್ಮ ಮನೆಯ ಹಳೇ ಸೈಕಲ್‌ಗೆ

ಊರಿನ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಸೈಕಲ್ ಇದ್ದರೆ, ಗುಜರಿಗೆ ಹಾಕುವ ಮೊದಲು ಮೂರು ಕೆಲಸ ಮಾಡಿ.

ಒಂದು, ಹ್ಯಾಂಡಲ್ ಕೆಳಗಿನ ಕೊಳವೆಗಳ ಮೇಲೆ ಬೆರಳಾಡಿಸಿ. ಉಬ್ಬು ಅಥವಾ ಸುಕ್ಕು ಸಿಕ್ಕರೆ ಯಾವಾಗಲೋ ಎದುರಿಗೆ ಡಿಕ್ಕಿಯಾಗಿರಬಹುದು. ಬೆಸುಗೆಗಳ ಮೇಲೆ ಮತ್ತು ಫೋರ್ಕಿನ ಮೇಲೆ ಹತ್ತಿ ಸವರಿ.

ಎರಡು, ಸೀಟಿನ ಕಂಬ ಮತ್ತು ಹ್ಯಾಂಡಲ್ ಅಲುಗುತ್ತಾ ನೋಡಿ. ಅಲುಗದಿದ್ದರೆ ಬಲ ಹಾಕಬೇಡಿ, ಎಣ್ಣೆ ಬಿಟ್ಟು ಕಾಯಿರಿ.

ಮೂರು, ಟಯರ್ ಪಕ್ಕದ ಮೂರಂಕಿ ಬರೆದಿಟ್ಟುಕೊಳ್ಳಿ. 635 ಇದ್ದರೆ ಅದು ನಮ್ಮ ದೊಡ್ಡ ಕರಿ ಸೈಕಲ್, ಊರಿನ ಸೈಕಲ್ ಶಾಪಿನಲ್ಲೇ ಅದರ ಸಾಮಾನು ಸಿಗುತ್ತೆ.

ಬ್ರೇಕ್, ಫೋರ್ಕ್ ಬಗ್ಗೆ ಅನುಮಾನ ಇದ್ದರೆ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ. ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ ಸಾಗರದ ಅಂಗಡಿಯಲ್ಲಿ ಒಬ್ಬರಿದ್ದರು. ಚಕ್ರ ತಿರುಗಿಸಿ, ಕಡ್ಡಿಗಳ ಮೇಲೆ ಬೆರಳಾಡಿಸಿ, ಸದ್ದು ಕೇಳಿಯೇ ಯಾವ ಕಡ್ಡಿ ಸಡಿಲ ಅಂತ ಹೇಳ್ತಿದ್ದರು. ಬಿಗಿದ ಕಡ್ಡಿಯ ಸ್ವರ ಎತ್ತರ, ಸಡಿಲಾದದ್ದರ ಸ್ವರ ತಗ್ಗು. ಆಗ ಅದು ನನಗೆ ಮಾಯಾಜಾಲದ ಹಾಗೆ ಕಾಣುತ್ತಿತ್ತು. ಭೌತವಿಜ್ಞಾನ ಅಂತ ಗೊತ್ತಾಗಿದ್ದು ಕಾಲೇಜಿನಲ್ಲಿ.

ಮುಂದಿನ ಸಂಚಿಕೆಯಲ್ಲಿ ಆ ಕಡ್ಡಿಗಳ ಕಥೆಯನ್ನೇ ಹೇಳ್ತೀನಿ: ಎರಡು ಮಿಲಿಮೀಟರ್ ದಪ್ಪದ ತಂತಿಗಳು ಒಬ್ಬ ಮನುಷ್ಯನನ್ನ ಹೇಗೆ ಹೊರುತ್ತವೆ ಅಂತ. ನಿಮ್ಮ ಮನೆಯ ಹಳೇ ಸೈಕಲ್ಲಿನ ಕಥೆ ಇದ್ದರೆ ನಮಗೆ ಬರೆದು ಕಳಿಸಿ, ಟಯರಿನ ಮೂರಂಕಿ ಸೇರಿಸಿ. ಅಲ್ಲಿಯ ತನಕ, ಬ್ರೇಕ್ ನೋಡಿಕೊಂಡು ಹೊರಡಿ. ನಮಸ್ಕಾರ.